ಬಸುರಿ, ಬಾಣಂತಿ ಮತ್ತು ಹೊಟ್ಟೆ ವಿಚಾರ

ತುಮಕೂರಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಕೂತು, ಬಸುರಿಯರು ಏನು ತಿನ್ನಬೇಕು, ಏನು ಬಿಡಬೇಕು ಅಂತ ಹೇಳೋದು ನನ್ನ ಕೆಲಸ. ವಾರಕ್ಕೊಂದು ದಿನ ಗುಬ್ಬಿಗೂ ಇನ್ನೊಂದು ದಿನ ಕುಣಿಗಲ್ಲಿಗೂ ಹೋಗ್ತೀನಿ. ನಾನು ಇಲ್ಲಿ ಹೇಳೋದೇ ಒಂದು, ಅದು ಅವರವರ ಅಡುಗೆಮನೆ ಮುಟ್ಟೋ ಹೊತ್ತಿಗೆ ಆಗೋದೇ ಇನ್ನೊಂದು. ನಗದೇ ಮನೆಗೆ ಹೋದ ದಿನಗಳು ಕಡಿಮೆ.

ಮೊಸರಿನೊಳಗಿನ ಜೀವ

ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡೋ ಹುಡುಗಿ. ಮೊದಲ ಬಸುರು. ತಿಂದಿದ್ದು ಅರಗಲ್ಲ, ಹೊಟ್ಟೆ ಉಬ್ಬರ ಅಂತ ಬಂದಿದ್ದಳು.

"ದಿನಾ ಒಂದು ಬಟ್ಟಲು ಮೊಸರು ತಿನ್ನಮ್ಮ. ಅದರಲ್ಲಿ ಒಳ್ಳೇ ಬ್ಯಾಕ್ಟೀರಿಯಾ ಜೀವಂತವಾಗಿರುತ್ತೆ. ಕರುಳಿಗೆ ಒಳ್ಳೇದು" ಅಂದೆ.

ಮುಂದಿನ ಸಲ ಬಂದಾಗ ಮುಖ ಸಪ್ಪಗಿತ್ತು. "ಮೇಡಂ, ನೀವು ಹೇಳಿದ್ದನ್ನ ಹಾಗೇ ಮನೇಲಿ ಹೇಳ್ದೆ. ನಮ್ಮತ್ತೆ ಹೆಪ್ಪು ಹಾಕೋದನ್ನೇ ನಿಲ್ಲಿಸಿಬಿಟ್ಟಿದಾರೆ. ನಾವು ಮೊಟ್ಟೇನೂ ಮುಟ್ಟದೋರು, ಜೀವ ಇರೋದನ್ನ ತಿನ್ನೋದಾ ಅಂತಾರೆ."

ಅತ್ತೆ ಹೊರಗೇ ಕೂತಿದ್ದರು. ಒಳಗೆ ಕರೆದು, ಅವು ಪ್ರಾಣಿಗಳಲ್ಲ, ಹಾಲು ಮೊಸರಾಗೋದೇ ಅವುಗಳಿಂದ ಅಂತ ಬಿಡಿಸಿ ಹೇಳಿದೆ. ಅವರು ಸೊಸೆ ಕಡೆ ಕೈ ತೋರಿಸಿದರು.

"ಸರಿ, ಬಸುರಿ ಅವಳು, ಮೊಸರು ತಿನ್ಲಿ. ನಾನು ಮಾತ್ರ ಕಡೆದು ಮಜ್ಜಿಗೆ ಮಾಡ್ಕೊಂಡೇ ಕುಡೀತೀನಿ."

"ಯಾಕಮ್ಮ?"

"ಕಡೆಯೋ ಗಲಾಟೆಗೆ ಓಡೋಗೋವು ಓಡೋಗ್ಲಿ ಅಂತ."

ಕಪ್ಪು

ಗುಬ್ಬಿ ಕಡೆಯ ಸೊಸೆಯೊಬ್ಬಳಿಗೆ ರಕ್ತ ತೀರಾ ಕಡಿಮೆ. ಹೀಗೇ ಇದ್ದರೆ ಹೆರಿಗೆ ಕಷ್ಟ ಅಂತ ಡಾಕ್ಟರು ಎಚ್ಚರಿಸಿದ್ದರು. ಕಬ್ಬಿಣಾಂಶದ ಮಾತ್ರೆ ಕೊಟ್ಟರೂ ರಕ್ತ ಏರಿರಲಿಲ್ಲ. ವಿಚಾರಿಸಿದರೆ, ಅವಳು ಮಾತ್ರೆ ನುಂಗ್ತಾನೇ ಇರಲಿಲ್ಲ.

"ನಾನೇ ಬ್ಯಾಡ ಅಂದೆ ಕಣವ್ವ" ಅಂದರು ಅತ್ತೆ. "ಅದನ್ನ ನುಂಗಿದ್ರೆ ಕಕ್ಕಸ್ಸು ಕಪ್ಪಗೆ ಹೋಯ್ತದೆ. ಅದೇ ಕಪ್ಪಗಾದ್ಮೇಲೆ ಕೂಸು ಕಪ್ಪಗಾಗಲ್ವಾ?"

ನಾನು ಬಾಯಿ ತೆರೆಯೋ ಮೊದಲೇ ಸೊಸೆ ಬಾಗಿಲ ಹತ್ತಿರ ನಿಂತಿದ್ದ ಗಂಡನ ಕಡೆ ತಿರುಗಿದಳು. ಅವನದು ಒಳ್ಳೇ ಎಣ್ಣೆಗಪ್ಪು ಬಣ್ಣ. ಮೆಲ್ಲಗೆ ಕೇಳಿದಳು: "ಅತ್ತೆ, ಇವ್ರು ಹೊಟ್ಟೇಲಿದ್ದಾಗ ನೀವೆಷ್ಟು ಮಾತ್ರೆ ನುಂಗಿದ್ರಿ?"

ಮೊದಲು ನಕ್ಕಿದ್ದು ಅತ್ತೆಯೇ. ಮಾತ್ರೆ ಅವತ್ತೇ ಶುರುವಾಯ್ತು. ಅದರಿಂದ ಮಲ ಕಟ್ಟದಿರಲಿ ಅಂತ ಸೊಪ್ಪು, ಸೀಬೆಹಣ್ಣು, ನೀರು ಜಾಸ್ತಿ ಮಾಡಿಸಿದೆ. ಮುಂದಿನ ತಿಂಗಳಿಗೆ ರಕ್ತವೂ ಏರಿತ್ತು. ಗಂಡ ಮಾತ್ರ ಆ ಮೊದಲ ದಿನ ಹೊರಡೋವಾಗ ಒಬ್ಬನೇ ವಾಪಸ್ ಬಂದು, "ಮೇಡಂ, ನಾನು ನೋಡೋಕೆ ಪರವಾಗಿಲ್ಲ ಅಲ್ವಾ?" ಅಂತ ಕೇಳಿ ಹೋದ.

ಆಯ್ತು!

ಇದು ಕುಣಿಗಲ್ಲಿನ ನರ್ಸಿಂಗ್ ಹೋಮಿನಲ್ಲಿ ಆಗಿದ್ದು. ಯಡಿಯೂರು ಕಡೆಯ ಒಂದು ಸಂಸಾರ ಗಾಬರಿಯಿಂದ ಬಂತು. ಎರಡು ತಿಂಗಳು ದಾಟಿದ ಕೂಸು ನಾಲ್ಕೈದು ದಿನದಿಂದ ಕಕ್ಕ ಮಾಡಿಲ್ಲ. ಅಜ್ಜಿ ಕೈಯಲ್ಲಿ ಹರಳೆಣ್ಣೆ ಶೀಶೆ. ತಪ್ಪೆಲ್ಲ ಬಾಣಂತಿ ತಲೆ ಮೇಲೆ ಹಾಕ್ತಿದ್ದರು.

"ಕದ್ದು ಹುರುಳಿಕಾಯಿ ಪಲ್ಯ ತಿಂದವ್ಳೆ. ಅದಕ್ಕೇ ಕೂಸಿಗೆ ಕಟ್ಕೊಂಡದೆ."

ದಿನಾ ಬರೀ ಬೆಳ್ಳುಳ್ಳಿ ಸಾರು, ಅನ್ನ ತಿಂದು ಸೊರಗಿದ್ದ ಆ ಹುಡುಗಿ ಕಣ್ಣೊರೆಸಿಕೊಳ್ತಾ ನಿಂತಿದ್ದಳು.

ಡಾಕ್ಟರು ಕೂಸನ್ನ ಪರೀಕ್ಷೆ ಮಾಡಿದರು. "ಹೊಟ್ಟೆ ಮೆತ್ತಗಿದೆ, ಹಾಲು ಚೆನ್ನಾಗಿ ಕುಡೀತಿದೆ. ಬರೀ ಎದೆಹಾಲು ಕುಡಿಯೋ ಇಷ್ಟು ವಯಸ್ಸಿನ ಕೂಸು ಕೆಲವು ದಿನ ಹೀಗಿರಬಹುದು. ಎಣ್ಣೆ ಗಿಣ್ಣೆ ಕುಡಿಸಬೇಡಿ" ಅಂದರು. ನಾನು ಬಾಣಂತಿಗೆ, "ನಿನ್ನ ಪಲ್ಯದ್ದೇನೂ ತಪ್ಪಿಲ್ಲ. ಸೊಪ್ಪು, ತರಕಾರಿ ಎಲ್ಲ ತಿನ್ನು, ನಿನ್ನ ಹೊಟ್ಟೆಗೂ ಬೇಕು" ಅಂದೆ.

ಯಾವುದೋ ಮದುವೆಗೆ ಹೊರಟಿದ್ದ ತಾತ, ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲೇ ಬಂದಿದ್ದರು. ಕೂಸನ್ನ ತೊಡೆ ಮೇಲೆ ಮಲಗಿಸ್ಕೊಂಡು, "ಕೇಳ್ದಾ ಮಗ, ನಿಂಗೇನೂ ಆಗಿಲ್ವಂತೆ" ಅಂದರು. ಅಂದಿದ್ದೇ ತಡ, ಅಷ್ಟು ದಿನದ್ದೂ ಒಟ್ಟಿಗೇ ಬಂತು. ಅಜ್ಜಿ ಎತ್ತಿಕೊಳ್ಳೋಕೆ ಹೋದರೆ ತಾತ ಗದರಿದರು: "ಮುಟ್ಬ್ಯಾಡ! ಪೂರ್ತಿ ಆಗ್ಲಿ!" ಬಾಣಂತಿ ಅಳ್ತಾ ಅಳ್ತಾನೇ ನಕ್ಕುಬಿಟ್ಟಳು.

ಕೂಸು ಅಜ್ಜಿ ಕೈಗೆ ಹೋದ ಮೇಲೆ ತಾತ ಪಂಚೆ ಎತ್ತಿ ಹಿಡ್ಕೊಂಡೇ ಹೊರಗೆ ಹೋಗಿ ಮನೆಗೆ ಫೋನ್ ಹಚ್ಚಿದರು. "ಆಯ್ತು ಕಣ್ಲಾ, ಆಯ್ತು! ಸಲೀಸಾಗಿ ಆಯ್ತು!"

ಬೆಂಚಿನ ಮೇಲೆ ಮಗಳ ಹೆರಿಗೆಗೆ ಕಾಯ್ತಿದ್ದ ಹೆಂಗಸು ಇದನ್ನ ಕೇಳಿಸಿಕೊಂಡು ಮುಖ ಅರಳಿಸಿದಳು. "ಒಳ್ಳೇದಾಯ್ತು ಬುಡಿ ಯಜಮಾನ್ರೆ. ಗಂಡೋ, ಹೆಣ್ಣೋ?"

ತಾತ ಪಂಚೆ ಕಡೆ ಒಂದು ಸಲ ನೋಡ್ಕೊಂಡರು.

"ಎರಡೂ ಅಲ್ಲ ಕಣವ್ವ. ಬರೀ ಹಳದಿ."