ಕುಳಿತುಕೊಳ್ಳುವ ಜಾಗ

ನೋವು ಎಲ್ಲಿ ಎಂದು ಬಾಯಿಬಿಟ್ಟು ಹೇಳಲು ಹಿರಿಯ ಗುಮಾಸ್ತರಿಗೆ ನಾಚಿಕೆ. ಅನಾಹುತವೆಲ್ಲ ಶುರುವಾದದ್ದು ಅಲ್ಲಿಂದಲೇ.

ಹತ್ತೊಂಬತ್ತು ವರ್ಷ ಒಂದೇ ಮರದ ಕುರ್ಚಿಯಲ್ಲಿ ಕೂತು, ಅವರ ಎಡ ಪಿರ್ರೆಯ ಆಳದಲ್ಲಿ ಯಾರೋ ದಬ್ಬಳ ಚುಚ್ಚಿ ಮರೆತುಹೋದಂಥ ನೋವು. ಅಂಗಾತ ಮಲಗಿ, ಒಂದು ಕಾಲನ್ನು ಇನ್ನೊಂದು ಮೊಣಕಾಲಿನ ಮೇಲಿಟ್ಟು ಎದೆಗೆ ಎಳೆದುಕೊಳ್ಳುವುದು, ಆಮೇಲೆ ಮೊಣಕಾಲು ಮಡಚಿ ಸೊಂಟ ಎತ್ತುವುದು: ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಕಲಿಸಿದ್ದು ಇಷ್ಟೇ. ಮೂರು ವಾರಕ್ಕೆ ನೋವು ಮುಕ್ಕಾಲು ಇಳಿದಿತ್ತು. ಮಧ್ಯಾಹ್ನವೂ ಒಮ್ಮೆ ಮಾಡಿದರೆ ಪೂರ್ತಿ ಹೋಗುತ್ತದೆ ಎಂದಿದ್ದಳು.

ನೋವು ಹೋಗಲೇಬೇಕಿತ್ತು. ಮೇಲ್ವಿಚಾರಕರ ಕುರ್ಚಿ ಖಾಲಿಯಾಗಿತ್ತು, ಅದಕ್ಕೆ ಮೆತ್ತೆಯಿತ್ತು. ಅದು ಯಾರಿಗೆಂದು ಸಾಹೇಬರು ಹೇಳುವುದು ಅಂದೇ ಸಂಜೆ. ಸರದಿಯ ಪ್ರಕಾರ ಇವರದೇ.

ಅಂದು ಬೆಳಿಗ್ಗೆ ಮಧ್ಯಾಹ್ನದ ವ್ಯಾಯಾಮಕ್ಕೆ ಅನುಮತಿ ಕೇಳಿ ಅರ್ಜಿ ಬರೆಯುತ್ತಿದ್ದಾಗ ಪಕ್ಕದ ಮೇಜಿನವನು ಇಣುಕಿದ. ಊರವರ ಕಾಗದವನ್ನೆಲ್ಲ ತಿದ್ದುವುದರಿಂದ ಅವನಿಗೆ 'ವ್ಯಾಕರಣ' ಎಂದೇ ಹೆಸರು.

"ಅಯ್ಯೋ ಅಣ್ಣಾ! ಸಾಹೇಬ್ರ ಕಾಗದದಲ್ಲಿ ಪಿರ್ರೆ ಅಂತ ಬರೀತಾರಾ? 'ಕುಳಿತುಕೊಳ್ಳುವ ಜಾಗ' ಅನ್ನಿ. ಮರ್ಯಾದೆಯಾಗಿರುತ್ತೆ."

ಸರಿಯೆನಿಸಿತು. 'ಕುಳಿತುಕೊಳ್ಳುವ ಜಾಗದಲ್ಲಿ ಹಲವು ತಿಂಗಳಿಂದ ತೀವ್ರ ನೋವು ಅನುಭವಿಸುತ್ತಿದ್ದೇನೆ. ಪರಿಹಾರಕ್ಕಾಗಿ ಪ್ರತಿದಿನ ಕಡತದ ಕೋಣೆಯಲ್ಲಿ ಹತ್ತು ನಿಮಿಷ ಮಲಗಲು ಅನುಮತಿ ಬೇಕು' ಎಂದು ಬರೆದು ಸಾಹೇಬರ ಮೇಜಿನ ಮೇಲಿಟ್ಟರು.

ಅನುಮತಿ ಬರುವಷ್ಟು ತಾಳ್ಮೆ ನೋವಿಗಿರಲಿಲ್ಲ. ಮಧ್ಯಾಹ್ನ ಕಡತದ ಕೋಣೆಗೆ ಹೋಗಿ, ಹಳೇ ಪತ್ರಿಕೆ ಹಾಸಿ, ಮಲಗಿ ಸೊಂಟ ಎತ್ತಿದರು. ಏಳನೆಯ ಸಲಕ್ಕೆ ಬಾಗಿಲು ತೆರೆಯಿತು.

"ಅಯ್ಯಯ್ಯೋ, ಗುಮಾಸ್ತರಿಗೆ ಏನೋ ಆಗಿದೆ!" ಎಂದು ಟೈಪಿಸ್ಟ್ ಕಿರುಚಿ ಮುಖಕ್ಕೆ ಒಂದು ಚೊಂಬು ನೀರು ಸುರಿದಳು. ಕಚೇರಿಯೆಲ್ಲ ಓಡಿಬಂತು. ಕೊನೆಗೆ ಸಾಹೇಬರೂ ಬಂದರು, ಕೈಯಲ್ಲಿ ಅರ್ಜಿ.

"ಏನ್ರೀ ಇದು? ಅರ್ಜಿ ಕೊಟ್ಟ ದಿನವೇ ಮಲಗಿಬಿಟ್ರಲ್ಲ! ಧರಣೀನಾ?"

"ಇಲ್ಲ ಸಾರ್... ಕೂರೋ ಜಾಗದ್ದೇ ತೊಂದ್ರೆ."

"ನಿಮಗೆ ಆ ಜಾಗ ನೋವು ಕೊಡ್ತಿದೆಯಾ?"

"ಬಹಳ ಸಾರ್. ಯಾರ ಹತ್ರಾನೂ ಹೇಳ್ಕೊಳ್ಳೋ ಹಾಗಿಲ್ಲ."

ಸುತ್ತ ಆರು ಜನ ಹೆಂಗಸರು. ಆ ಒಂದು ಪದ ಹೇಳಿದ್ದರೆ ಮುಗಿಯುತ್ತಿತ್ತು. ಗುಮಾಸ್ತರು ಒದ್ದೆಯಾದ ಪತ್ರಿಕೆ ಮಡಚತೊಡಗಿದರು. ಮಾತು ಬಲ್ಲ ವ್ಯಾಕರಣನೂ ನೆಲ ನೋಡುತ್ತ ನಿಂತಿದ್ದ.

ಸಂಜೆ ಆದೇಶ ಬಂತು. 'ತಮ್ಮ ಈಗಿನ ಜಾಗದಿಂದ ನೋವಾಗಿದೆಯೆಂದು ನೌಕರರು ಲಿಖಿತವಾಗಿ ದೂರಿರುವುದರಿಂದ, ನಾಳೆಯಿಂದ ಅವರನ್ನು ಹೊರಬಾಗಿಲ ಟಪಾಲು ಕಿಟಕಿಗೆ ವರ್ಗಾಯಿಸಲಾಗಿದೆ.' ಆ ಕಿಟಕಿಯಲ್ಲಿ ದಿನವಿಡೀ ನಿಂತೇ ಕೆಲಸ. ಮೆತ್ತೆಯ ಕುರ್ಚಿ ವ್ಯಾಕರಣನ ಪಾಲಾಯಿತು.

"ಬೇಜಾರು ಮಾಡ್ಕೋಬೇಡಿ ಅಣ್ಣಾ," ಎಂದ ಅವನು, ಮೆತ್ತೆ ಒತ್ತಿ ನೋಡುತ್ತ. "ಆದೇಶದ ಭಾಷೆ ಎಷ್ಟು ಮರ್ಯಾದೆಯಾಗಿದೆ ನೋಡಿ."

ಕೆಟ್ಟದಾಗಿ ಬೈಯಬೇಕೆನಿಸಿತು. ಹತ್ತೊಂಬತ್ತು ವರ್ಷದ ಅಭ್ಯಾಸ, "ಸರಿಯಪ್ಪ" ಎಂದು ಎದ್ದುಬಂದರು.

ದಾರಿಯಲ್ಲಿ ಡಾಕ್ಟರಮ್ಮನ ಬಳಿ ಹೋದರು. ಅವಳು ಹೆಬ್ಬೆರಳಿನಿಂದ ಆಳಕ್ಕೆ ಒತ್ತಿದಳು. ನೋವಿಲ್ಲ. ಮತ್ತೆ ಒತ್ತಿದಳು. ನಿಜವಾಗಿಯೂ ಇಲ್ಲ.

"ಪೂರ್ತಿ ವಾಸಿ ಸಾರ್!" ಎಂದು ನಕ್ಕಳು. "ಇನ್ನು ನಿಶ್ಚಿಂತೆಯಾಗಿ ಕೂತ್ಕೊಳ್ಳಿ."

ಗುಮಾಸ್ತರು ಜೇಬಿನಲ್ಲಿದ್ದ ಆದೇಶವನ್ನು ಮುಟ್ಟಿನೋಡಿಕೊಂಡರು.

"ಎಲ್ಲಿ ಕೂರ್ಲಮ್ಮಾ?"