ಉಪ್ಪಿನಕಾಯಿಗೆ ಇನ್‌ಕಮ್ ಟ್ಯಾಕ್ಸ್

ಬೇಡ ಬೇಡ ಎಂದರೂ ಜಗಳವಾಡಿ ಸರ್ಕಾರಕ್ಕೆ ಟ್ಯಾಕ್ಸ್ ಕಟ್ಟುವ ಪ್ರಾಣಿಯನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವಳು ನನ್ನ ಓರಗಿತ್ತಿ! ನಾವು ಶಿರಸಿ ಪೇಟೆಯಲ್ಲಿ. ಅವಳೂ ನನ್ನ ಮೈದುನನೂ ಸಿದ್ದಾಪುರದ ಕಡೆ.

ತೊಂಬತ್ತರ ದಶಕದಲ್ಲಿ ಅವಳ ಅಪ್ಪೆಮಿಡಿ ಉಪ್ಪಿನಕಾಯಿ ಯಲ್ಲಾಪುರದವರೆಗೂ ಫೇಮಸ್ಸು. ಲಾಭ ಟ್ಯಾಕ್ಸಿನ ಲಿಮಿಟ್ ದಾಟಿತು. ಕೃಷಿ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲವಲ್ಲ, ಅಡಿಕೆಯವರಿಗೆ ಅದೊಂದು ವರ. ಮೈದುನ ಉಪಾಯ ಹೇಳಿದ.

"ತೋಟದ ಆದಾಯ ಹೇಳಿ ಬರ್ಸಿದ್ರೆ ಆತಪ. ಮಿಡಿ ನಮ್ಮನೆ ಮರದ್ದೇ ಅಲ್ದನೇ?"

"ಮಿಡಿ ಮರದ್ದು, ಉಪ್ಪಿನಕಾಯಿ ಯನ್ನದು! ಮರದಲ್ಲಿ ಉಪ್ಪಿನಕಾಯೇ ಬಿಡ್ತಾ? ನಿಂಗ ಸುಮ್ಮಂಗಿರಿ."

ಮುಗಿಯಿತು. ನನ್ನನ್ನು ಎಳೆದುಕೊಂಡು ಆಡಿಟರ್ ಬಳಿ ಹೋದಳು. ಪಾಪ, ಆತ ತಲೆ ಕೆರೆದುಕೊಂಡ. "ಅಮ್ಮಾ, ಎಲ್ಲರೂ ನನ್ನ ಹತ್ರ ಟ್ಯಾಕ್ಸ್ ಉಳಿಸೋ ದಾರಿ ಕೇಳ್ತಾರೆ. ಕಟ್ಟೋ ದಾರಿ ಕೇಳಿದ್ದು ನೀವೊಬ್ರೇ! ಚೆಕ್ ಕೊಟ್ಟು ಹೋಗಿ, ನಾನೇ ಬ್ಯಾಂಕಿಗೆ ಕಟ್ತೇನೆ."

"ನನ್ನ ಬದಲಿಗೆ ನೀವು ದೇವಸ್ಥಾನಕ್ಕೆ ಹೋದ್ರೆ ಪುಣ್ಯ ಯಾರಿಗೆ?"

ಸರಿ, ಚಲನ್ ತುಂಬಿಸಿಕೊಂಡು, ಮದುವೆಗೆ ಉಡುವ ಸೀರೆಯುಟ್ಟು ಬ್ಯಾಂಕಿನ ಕೌಂಟರಿಗೇ ಬಂದಳು. ಕ್ಲರ್ಕ್ ಕೇಳಿದ, "ಯಜಮಾನ್ರು ಬರ್ಲಿಲ್ವಾ?"

"ಅವರದ್ದು ಬರೀ ಅಡಿಕೆ. ಅದಕ್ಕೆ ಟ್ಯಾಕ್ಸ್ ಇಲ್ಲ," ಎಂದಳು, ಗಂಡನಿಗೇನೋ ವಾಸಿಯಾಗದ ಕಾಯಿಲೆ ಎಂಬಂತೆ! ಸೀಲು ಮಸುಕಾಯಿತೆಂದು ಎರಡನೇ ಸಲ ಒತ್ತಿಸಿಕೊಂಡಳು. ನಾನು ನೋಡುತ್ತಾ ನಿಂತಿದ್ದೆ. ಕಾನ್ವೆಂಟಿನಲ್ಲಿ ಓದಿ, ಫ್ಲೂಯೆಂಟ್ ಆಗಿ ಇಂಗ್ಲಿಷ್ ಮಾತಾಡುವ ನನಗೆ ನಮ್ಮವರು ಬ್ಯಾಂಕಿನ ಪೇಪರ್ ಮೇಲೆ ಪೆನ್ಸಿಲ್ಲಿನಲ್ಲಿ ಕ್ರಾಸ್ ಹಾಕಿ ಕೊಡುತ್ತಿದ್ದರು. ಅಲ್ಲಿ ಸೈನ್ ಮಾಡುವುದಷ್ಟೇ ನನ್ನ ಕೆಲಸ!

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಯಲ್ಲಾಪುರದ ಒಂದು ಮದುವೆಯಲ್ಲಿ ಹೆಂಗಸರೆಲ್ಲ ಹೊಸ ಬಳೆ ತೋರಿಸುತ್ತಿದ್ದರೆ ಇವಳು, "ಆನು ಟ್ಯಾಕ್ಸ್ ಕಟ್ತೆ" ಎಂದು ಎಲ್ಲರ ಬಾಯಿ ಮುಚ್ಚಿಸಿದಳು. ಎರಡು ಸಾವಿರದ ಇಸವಿಯ ಈಚೆಗೆ ನನ್ನ ಮಗಳು, "ಚಿಕ್ಕಿ, ಈಗ ಇಂಟರ್ನೆಟ್ಟಲ್ಲೇ ಕಟ್ಲಾಗ್ತು" ಎಂದಳು. "ಕಂಪ್ಯೂಟರಿಗೆ ಯನ್ನ ಮೊಕ ಕಾಣ್ತನೇ?" ಎಂದು ಮತ್ತೆ ಬಸ್ಸು ಹತ್ತಿದಳು.

ಒಂದು ವರ್ಷ ಮಂಜು ಬಿದ್ದು ಮಾವಿನ ಹೂವು ಕರಟಿತು. ಮಿಡಿಯೇ ಇಲ್ಲ. "ಕಂಗ್ರಾಚುಲೇಶನ್ಸ್, ಈ ಸಲ ಟ್ಯಾಕ್ಸೇ ಇಲ್ಲ!" ಎಂದ ಆಡಿಟರ್. ಇವಳು ನಮ್ಮನೆಗೆ ಬಂದು ಕುಳಿತಳು. ಕೊಟ್ಟ ಚಹಾ ಆರಿಹೋಯಿತು.

"ಅಕ್ಕಾ, ಹಂಗಾರೆ ಈ ವರ್ಷ ಆನು ಎಂತದೂ ಮಾಡಿದ್ನೇ ಇಲ್ಲೆ ಹೇಳಿ ಆತಾ?"

ಕಾನ್ವೆಂಟಿನಲ್ಲಿ ಓದಿದ ನಾನು ಆರಿದ ಚಹಾವನ್ನು ಮತ್ತೆ ಬಿಸಿ ಮಾಡಿ ತಂದೆ, ಅಷ್ಟೇ!

ವಾರ ಕಳೆದು ಮೈದುನನ ಸ್ಕೂಟರ್ ನಮ್ಮ ಬಾಗಿಲಿಗೆ ಬಂತು. ಹಿಂದೆ ಇವಳು, ಅದೇ ಮದುವೆ ಸೀರೆಯಲ್ಲಿ. "ಟ್ಯಾಕ್ಸ್ ಇಲ್ದಿದ್ರೂ ರಿಟರ್ನ್ ಕೊಡ್ಲಾಗ್ತಡ ಅತ್ತಿಗೆ. ಆಡಿಟರ್ ಹತ್ರ ಕೇಳಿ ಬರ್ಸಿಕ್ಯಂಡು ಬಂದೆ. ನೀವೂ ಬನ್ನಿ," ಎಂದ ಮೈದುನ.

ಟ್ಯಾಕ್ಸ್ ಆಫೀಸಿನ ಕ್ಲರ್ಕ್ ನೇರವಾಗಿ ಮೈದುನನತ್ತಲೇ ಕೈ ಚಾಚಿದ. "ನಿಮ್ಮದಾ?"

ಮೈದುನ ಪಕ್ಕಕ್ಕೆ ಸರಿದು ಹೆಂಡತಿಗೆ ಜಾಗ ಬಿಟ್ಟ.

"ಅಲ್ಲ, ಇವರದ್ದು," ಎಂದ. "ನಾನು ಇವರ ಜೊತೆಗೆ ಬಂದವ."