ಫರಸಿ ಬಣ್ಣದ ಜಾಮೂನ

ಶಹಾಬಾದಿನ ಕಪಿಲನಿಗೆ ಸಂಸಾರದಲ್ಲಿ ಒಂದೇ ತಕರಾರು: ಮನೆಯಲ್ಲಿ ಜಾಮೂನನಿಗೆ ಇರುವ ಮರ್ಯಾದೆ ತನಗಿಲ್ಲ. ಜಾಮೂನ ಅವನ ಹೆಂಡತಿ ಲುಂಬಿನಿ ಸಾಕಿದ ಕರಿ ನಾಯಿ. ನರ್ಸ್ ಆಗಿದ್ದ ಅವಳನ್ನು ನಸುಕಿನ ಪಾಳಿಗೆ ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬರುವುದು, ಬಸ್ ಬರುವ ಹೊತ್ತಿಗೆ ಹೋಗಿ ಕರೆತರುವುದು ಅದೇ. (ಆಗೆಲ್ಲ ಕಪಿಲ ಹೊದಿಕೆಯೊಳಗಿಂದ ಮನೆ ಕಾಯುತ್ತಿದ್ದ.) ‘ಕೈ ಕೊಡು’ ಎಂದರೆ ಮುಂಗಾಲು ಎತ್ತಿ ಕೊಡುವ ವಿದ್ಯೆಯನ್ನೂ ಅವಳು ಅದಕ್ಕೆ ಕಲಿಸಿದ್ದಳು.

ಚಿಮ್ಮನಚೋಡದ ತವರಿಗೆ ಹೊರಟಾಗ ಅವಳು ಹೇಳಿದ್ದು ಒಂದೇ ಮಾತು. “ಜಾಮೂನನ ಛಂದಂಗ ನೋಡಕೊರ್ರಿ. ನಾ ಬಂದಾಗ ಅದು ಕಾಣಲಿಲ್ಲಂದ್ರ, ಅದೇ ಬಸ್ಸಿಗಿ ವಾಪಸ್ ಹೋಗ್ತೀನಿ.”

ರವಿವಾರ ನಾಲ್ಕರ ಬಸ್ಸಿಗೆ ಅವಳು ಬರುವವಳಿದ್ದಳು. ಕಪಿಲನಿಗೆ ಒಂದು ದಿವ್ಯ ಆಲೋಚನೆ ಹೊಳೆಯಿತು: ಜಾಮೂನನೊಂದಿಗೆ ಸ್ಟ್ಯಾಂಡಿಗೇ ಹೋಗಿ ಸಪರಿವಾರ ಸ್ವಾಗತ ಕೋರುವುದು. ಬೇಗನೇ ಹೊರಟ. ಆದರೆ ದಾರಿಯಲ್ಲಿ ಮಶಾಕನ ಭಜಿ ಅಂಗಡಿ ಇತ್ತು, ಮಿರ್ಚಿ ಆಗಷ್ಟೇ ಎಣ್ಣೆಗೆ ಇಳಿದಿತ್ತು. ನಾಯಿಯನ್ನು ಬೆಂಚಿನ ಕಾಲಿಗೆ ಕಟ್ಟಿ ಕುಳಿತ. ಎರಡನೇ ತಟ್ಟೆಯಿಂದ ತಲೆ ಎತ್ತಿದರೆ ಬೆಂಚಿನ ಕಾಲಿಗೆ ಹಗ್ಗವಷ್ಟೇ ಇತ್ತು.

“ಮಶಾಕಭಾಯಿ, ನನ್ನ ನಾಯಿ ಎಲ್ಲಿ?”

“ಹೊಂಡದಾಗ ಬಿದ್ದಿರ್ತದ ನೋಡಣ್ಣ. ನನ್ನ ಶೇರೂನೂ ಅಲ್ಲೇ ಅದ.”

ಅಂಗಡಿಯ ಹಿಂದೆ, ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹೊಡೆಯುವ ಕಾರ್ಖಾನೆ. ಅದರ ಬೂದುಬಣ್ಣದ ರಾಡಿ ಬಂದು ನಿಲ್ಲುವ ಹೊಂಡದಲ್ಲಿ, ಬಿಸಿಲಿಗೆ ಊರಿನ ನಾಯಿಗಳೆಲ್ಲ ಮುಳುಗಿ ತಂಪಾಗುತ್ತವೆ. ಎದ್ದು ಬಂದ ಮೇಲೆ ಕರಿದು, ಕೆಂದು ಎಂಬ ಭೇದವಿಲ್ಲ. ಸರ್ವರೂ ಫರಸಿ ಬಣ್ಣ. ದಂಡೆಯ ಮೇಲೆ ಅಂಥವು ಐದು ಮಲಗಿದ್ದವು.

“ಜಾಮೂನ,” ಎಂದು ಕರೆದ. ಐದೂ ಎದ್ದು ಬಂದವು. (ಕೈಯಲ್ಲಿ ಅರ್ಧ ಮಿರ್ಚಿ ಉಳಿದಿತ್ತು.)

“ನಿನ್ನ ನಾಯಿ ನಿನಗೇ ಗುರ್ತ ಇಲ್ಲೇನು?” ಎಂದ ಮಶಾಕ.

“ನಿನ್ನ ಶೇರೂ ಯಾವುದು, ನೀ ಹೇಳು.”

ಮಶಾಕ ದಿಟ್ಟಿಸಿ ನೋಡಿದ. “ಎಣ್ಣಿ ಕಾದದ,” ಎಂದು ಒಳಗೆ ಹೋದ.

ಕಪಿಲ ಬುದ್ಧಿ ಓಡಿಸಿದ. ಸಾಲಾಗಿ ಒಂದೊಂದರ ಮುಂದೆ ಕೂತು “ಕೈ ಕೊಡು” ಎಂದ. ನಾಲ್ಕನೆಯದು ಗಂಭೀರವಾಗಿ ಮುಂಗಾಲು ಕೊಟ್ಟಿತು. ಕಪಿಲನ ಕಣ್ಣು ತುಂಬಿ ಬಂತು. ಒಲ್ಲೆನೆಂದು ಕೊಸರಾಡಿದ ನಾಯಿಯನ್ನು ಅಪ್ಪಿ ಎತ್ತಿಕೊಂಡ. ಅದು ಮೈ ಕೊಡವಿ ಅವನಿಗೂ ಫರಸಿ ಬಣ್ಣ ಬಳಿಯಿತು. ಬಸ್ ಬರುವುದರೊಳಗೆ ತೊಳೆದು ಒಯ್ಯಬೇಕೆಂದು ಮನೆಗೆ ಓಡಿದ.

ಲುಂಬಿನಿಯ ಹೊಸ ಶಾಂಪೂ ಖಾಲಿಯಾಗುವ ಹೊತ್ತಿಗೆ ಸತ್ಯ ಹೊರಬಿತ್ತು: ನಾಯಿ ಕೆಂಪಗಿತ್ತು. ಅಷ್ಟರಲ್ಲೇ ಫೋನ್ ಬಂತು.

“ಕಪಿಲಣ್ಣ, ನನ್ನ ಶೇರೂ ನಿನ್ನ ಸಂಗಾಟ ಬಂದಾನೇನು? ಮಿರ್ಚಿ ಕಂಡ್ರ ಅಂವ ಯಾರಿಗರೆ ಕೈ ಕೊಡ್ತಾನ.”

ನಾಲ್ಕು ಹೊಡೆದು ಎಷ್ಟೋ ಹೊತ್ತಾಗಿತ್ತು. ಅವಳು ವಾಪಸ್ ಬಸ್ಸು ಹತ್ತಿಯೇ ಬಿಟ್ಟಳೆಂದು ಕಪಿಲ ಬಚ್ಚಲಿನ ಕಲ್ಲಿನ ಮೇಲೆ ಕುಳಿತ. ಆಗ ಬಾಗಿಲು ಸರಿಯಿತು. ಮೊದಲು ರಾಡಿಯೇ ತಾಗದ ಕರಿ ಜಾಮೂನ, ಹಿಂದೆ ಲುಂಬಿನಿ.

“ಸ್ಟ್ಯಾಂಡಿನಾಗ ಇಳದೆ. ನೀವಿರಲಿಲ್ಲ, ಇದು ಇತ್ತು. ಚೀಲ ಮೂಸಿ, ಮುಂದ ನಡದು ಕರಕೊಂಡು ಬಂತು,” ಎಂದಳು. ಬಸ್ಸಿನ ಹೊತ್ತು ಅದಕ್ಕೆ ತಿಳಿದಿತ್ತು. ಮಿರ್ಚಿಯ ಹೊತ್ತು ಇವನಿಗೆ. ಕಪಿಲನಿಗೆ ಜಾಮೂನನ ಕಾಲಿಗೆ ಬೀಳಬೇಕೆನಿಸಿತು. ನಡೆದದ್ದನ್ನೆಲ್ಲ ಒಪ್ಪಿಸಿದ.

ಲುಂಬಿನಿ ಕೆಂಪು ನಾಯಿಯನ್ನೂ ಬೂದು ಗಂಡನನ್ನೂ ನೋಡಿದಳು. “ಅದು ಶೇರೂ ಅಂತ ತಿಳೀತು. ನೀವು ನಮ್ಮವರೇ ಅಂತ ಹ್ಯಾಂಗ ನಂಬಲಿ? ಎಲ್ಲಿ, ಕೈ ಕೊಡ್ರಿ ನೋಡೋಣು.”

ಕಪಿಲ ಕೈ ಚಾಚಿದ. ತವರಿನ ಶೇಂಗಾ ಹೋಳಿಗೆ ಬಿತ್ತು. (ಎರಡು ನಾಯಿಗಳಿಗೆ ಕೊಟ್ಟ ಮೇಲೆ. ಆದರೂ ಅಷ್ಟು ರುಚಿಯ ಹೋಳಿಗೆ ಅವನು ತಿಂದಿರಲಿಲ್ಲ.)

ಮರುದಿನ ನಸುಕಿನಲ್ಲಿ ಜಾಮೂನ ಏಳುತ್ತಲೇ ಹೊದಿಕೆಯೊಳಗಿನ ಕಾವಲುಗಾರನೂ ಎದ್ದು ಚಪ್ಪಲಿ ಮೆಟ್ಟಿ, “ನಾನೂ ಬರ್ತೀನಿ,” ಎಂದ. ಸ್ಟ್ಯಾಂಡಿನಲ್ಲಿ ಬಸ್ ಹತ್ತಿದ ಲುಂಬಿನಿ ಕಿಟಕಿಯಿಂದ ಬಾಗಿ ನಾಯಿಗೆ ಹೇಳಿದಳು:

“ಜಾಮೂನ, ಹೊಳ್ಳಿ ಹೋಗೋವಾಗ ಭಜಿ ಅಂಗಡಿ ಬರ್ತದ. ಇವರನ್ನ ಛಂದಂಗ ನೋಡಕೊ.”